ಮೇಲಕ್ಕೆ ಸರಿಸಿದ ಮೂರು ಬಿಂದುಗಳು

ಮಾದೇವ, ಆ ಮೂರು ಬಿಂದುಗಳನ್ನು ಮೇಲಕ್ಕೆ ಸರಿಸಿದವನು ನಾನು. ನೀನಲ್ಲ. ನಿನ್ನ ಲೆಕ್ಕದಲ್ಲಿ ಎಲ್ಲೂ ತಪ್ಪಿರಲಿಲ್ಲ. ತಪ್ಪಿದ್ದದ್ದು ನಾನು ಕೊಟ್ಟ ಪಟ್ಟಿಯಲ್ಲಿ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ನೀನು ಮುಖ ನೋಡಿ ಕೇಳಿದಾಗ, ಇಲ್ಲ ಅಂದೆ.

ಇಷ್ಟು ಬರೆಯುವುದಕ್ಕೆ ಬೆಳಗಿನಿಂದ ನಾಲ್ಕು ಹಾಳೆ ಹರಿದಿದ್ದೇನೆ. ಸ್ಟಾಫ್ ರೂಮಿನಲ್ಲಿ ಕೂತು, ಎದ್ದು, ನೀರು ಕುಡಿದು, ಮತ್ತೆ ಕೂತು— ಪಕ್ಕದ ಮೇಜಿನ ಕೆಮಿಸ್ಟ್ರಿ ಮೇಡಂ "ಏನ್ ಸಾರ್, ಹೊಟ್ಟೆನೋವಾ?" ಅಂತ ಕೇಳಿದರು. ಹೌದು ಅಂದುಬಿಟ್ಟೆ. ನೋಡು, ಸತ್ಯ ಬರೆಯಲು ಕೂತವನ ಬಾಯಲ್ಲಿ ಮೊದಲು ಬಂದದ್ದೇ ಸುಳ್ಳು. ನನಗೆ ಇದು ಅಷ್ಟು ಸಲೀಸು.

ನಿನಗೆ ಗೊತ್ತಿರುವ ಸಂಗತಿಗಳನ್ನೂ ಇಲ್ಲಿ ಬಿಡಿಸಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನೀನು ಓದಿದ ಮೇಲೆ ನಿನ್ನ ಮಗಳು ಚಂದನಾಳೂ ಓದಬೇಕು. ಅವಳಿಗೆ ಒಂದು ಕಡೆಯೂ ಅನುಮಾನ ಉಳಿಯಬಾರದು.

ನಾವಿಬ್ಬರೂ ಮೊದಲು ನೋಡಿಕೊಂಡದ್ದು ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ. ನಿಮ್ಮಪ್ಪ ಅಕ್ಕೂರಿನಿಂದ ರೇಷ್ಮೆಗೂಡು ತಂದು ಸುರಿಯುತ್ತಿದ್ದರು. ನಮ್ಮ ಅಬ್ಬಾ ಒಂದೆರಡು ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಹರಾಜು ಕೂಗುತ್ತಿದ್ದರು. ಅವರಿಬ್ಬರೂ ದರಕ್ಕೆ ಜಗಳವಾಡುವಾಗ ನಾವು ಹಿಂದೆ ನಿಂತು ನಗುತ್ತಿದ್ದೆವು. ಆಮೇಲೆ ಒಂದೇ ಕಾಲೇಜು, ಒಂದೇ ಬೆಂಚು. ಬಿ.ಎಸ್ಸಿ. ಕೊನೆಯ ವರ್ಷ ಸಾವನದುರ್ಗ ಹತ್ತಿ ಅರ್ಧಕ್ಕೇ ನನ್ನ ಉಸಿರು ಕಟ್ಟಿದಾಗ, ನೀನು ಬಂಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದು ನಕ್ಷತ್ರ ಹೇಗೆ ಸಾಯುತ್ತದೆ ಅಂತ ವಿವರಿಸಿದ್ದೆ. ಸುಧಾರಿಸಿಕೊಳ್ಳುತ್ತಿದ್ದವನಿಗೆ ನಕ್ಷತ್ರದ ಸಾವಿನ ಪಾಠ ಮಾಡಿದವನು ನೀನೊಬ್ಬನೇ ಇರಬೇಕು.

ಎಂ.ಎಸ್ಸಿ. ಮುಗಿಸಿ ಇಬ್ಬರೂ ಒಂದೇ ಸಂಶೋಧನಾ ಸಂಸ್ಥೆ ಸೇರಿದೆವು. ಅದರ ಹೆಸರು ಇಲ್ಲಿ ಬೇಡ. ನೀನು ಪಿಎಚ್.ಡಿ. ವಿದ್ಯಾರ್ಥಿ. ನಾನು ಪ್ರಾಜೆಕ್ಟಿನ ಸಹಾಯಕ, ವರ್ಷಕ್ಕೊಮ್ಮೆ ಮುಂದುವರಿಸುವ ಕೆಲಸ. ನಿನ್ನ ವಿಷಯ ಗ್ಯಾಮಾ ಕಿರಣ ಸ್ಫೋಟಗಳು.

ಚಂದನಾ, ಇದು ನಿನಗೆ. ಸೂರ್ಯನಿಗಿಂತ ಎಷ್ಟೋ ಪಟ್ಟು ಭಾರದ ಒಂದು ನಕ್ಷತ್ರ, ಒಳಗಿನ ಉರುವಲು ಮುಗಿದು ತನ್ನ ಮೇಲೆ ತಾನೇ ಕುಸಿಯುತ್ತದೆ. ನಡುವೆ ಕಪ್ಪು ಕುಳಿ ಹುಟ್ಟುತ್ತದೆ. ಸುತ್ತ ಗಿರಗಿರನೆ ತಿರುಗುತ್ತಾ ಒಳಗೆ ಬೀಳುವ ವಸ್ತುವಿನಿಂದ ಎರಡು ಧಾರೆಗಳು ಚಿಮ್ಮುತ್ತವೆ— ಈ ಕಡೆಗೊಂದು, ಆ ಕಡೆಗೊಂದು. ಅವೇ ಜೆಟ್‌ಗಳು. ನಕ್ಷತ್ರದ ಮೈಯನ್ನೇ ಕೊರೆದುಕೊಂಡು, ಬೆಳಕಿನ ವೇಗಕ್ಕೆ ತೀರಾ ಹತ್ತಿರದ ವೇಗದಲ್ಲಿ ಅವು ಹೊರಗೆ ಬರಬೇಕು. ಕೊರೆದು ಮುಗಿಯುವ ಮೊದಲೇ ಒಳಗಿನ ಎಂಜಿನ್ ನಿಂತುಹೋದರೆ ಜೆಟ್ ಅಲ್ಲೇ ಉಸಿರುಕಟ್ಟುತ್ತದೆ. ಹೊರಗಿನವರಿಗೆ ಗ್ಯಾಮಾ ಕಿರಣ ಕಾಣುವುದೇ ಇಲ್ಲ. ಹೊರಗೆ ಬಂದದ್ದರ ಬಾಯಿ ನಮ್ಮ ಕಡೆಗಿದ್ದರೆ ಮಾತ್ರ ನಮಗೆ ಕೆಲವು ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷ, ಆ ಕಿರಣಗಳ ಹೊಳಪು ಸಿಗುತ್ತದೆ. ಅದನ್ನು ಉಪಗ್ರಹಗಳು ಹಿಡಿಯುತ್ತವೆ.

ಹೊಳಪು ಕಂಡಿತು ಸರಿ, ಆ ಸ್ಫೋಟದ ಶಕ್ತಿ ಎಷ್ಟು? ಅಲ್ಲಿದೆ ತೊಡಕು. ಕನಕಪುರ ರಸ್ತೆಯಲ್ಲಿ ಎದುರು ಬರುವ ಬೈಕಿನ ಹೆಡ್‌ಲೈಟು ಕಣ್ಣಿಗೆ ರಾಚುತ್ತದಲ್ಲ— ಅಷ್ಟೇ ಬೆಳಕು ಬೈಕಿನ ಸುತ್ತಲೂ ಹರಡಿದೆ ಅಂತ ಲೆಕ್ಕ ಹಾಕಿದರೆ, ಬೈಕಿನೊಳಗೆ ಒಂದು ವಿದ್ಯುತ್ ಸ್ಥಾವರವೇ ಇದೆ ಅನ್ನಬೇಕಾಗುತ್ತದೆ. ಬೆಳಕಿನ ಧಾರೆ ಎಷ್ಟು ಅಗಲ ಅಂತ ಗೊತ್ತಾದ ಮೇಲೇ ನಿಜವಾದ ಶಕ್ತಿ ಗೊತ್ತಾಗುವುದು. ಜೆಟ್ ಕಿರಿದಾದರೆ ಶಕ್ತಿ ಕಡಿಮೆ. ಅಗಲವಾದರೆ ಲೆಕ್ಕ ಎಲ್ಲಿಂದೆಲ್ಲಿಗೋ ಹೋಗುತ್ತದೆ.

ಅಗಲ ತಿಳಿಯುವ ದಾರಿ ಹೀಗೆ. ಗ್ಯಾಮಾ ಕಿರಣ ನಿಂತ ಮೇಲೂ ಜೆಟ್ ಮುಂದಿನ ಅನಿಲಕ್ಕೆ ನುಗ್ಗಿ, ನಿಧಾನವಾಗುತ್ತಾ, ದಿನಗಟ್ಟಲೆ ಮಿಣುಕುತ್ತದೆ— ಎಕ್ಸ್-ರೇಯಲ್ಲಿ, ಕಣ್ಣಿನ ಬೆಳಕಿನಲ್ಲಿ, ರೇಡಿಯೋದಲ್ಲಿ. ವೇಗ ವಿಪರೀತ ಇರುವಾಗ ಅದರ ಬೆಳಕೆಲ್ಲ ಮೂತಿಯ ನೇರಕ್ಕೇ ಎರಚುತ್ತದೆ. ಹಾಗಾಗಿ ಮೊದಮೊದಲು ನಮಗೆ ಜೆಟ್ಟಿನ ನಡುವಿನ ಒಂದು ಚೂರು ಮಾತ್ರ ಕಾಣುತ್ತದೆ. ವೇಗ ತಗ್ಗಿದಂತೆ ಕಾಣುವ ಭಾಗ ದೊಡ್ಡದಾಗುತ್ತದೆ. ಒಂದು ದಿನ ಅಂಚು ಸಿಕ್ಕಿಬಿಡುತ್ತದೆ. ಅಂಚಿನಾಚೆ ತೋರಿಸಲು ಇನ್ನೇನೂ ಇಲ್ಲ. ಅಲ್ಲಿಂದ ಬೆಳಕು ಮೊದಲಿಗಿಂತ ಬೇಗ ಬೇಗ ಇಳಿಯುತ್ತದೆ— ನಕ್ಷೆಯ ಗೆರೆ ಕೆಳಕ್ಕೆ ತಿರುಗುತ್ತದೆ. ಆ ತಿರುವು ಎಷ್ಟನೇ ದಿನ ಬಂತು ಅನ್ನುವುದರಿಂದ ಜೆಟ್ಟಿನ ಅಗಲ ಸಿಗುತ್ತದೆ. ತಿರುವು ಬೇಗ ಬಂದರೆ ಕಿರಿದು, ತಡವಾದರೆ ಅಗಲ. ನಿಮ್ಮಪ್ಪ ಕಾಯುತ್ತಿದ್ದದ್ದು ಆ ತಿರುವಿಗೆ.

ಆ ಸಲದ ಸ್ಫೋಟವನ್ನು ಮೊದಲ ಎರಡು ದಿನ ಒಂದು ದೂರದರ್ಶಕದಿಂದ ನೋಡಿದ್ದರು. ಮೂರನೆಯ ದಿನ ಮೋಡ. ನಾಲ್ಕು, ಐದು, ಆರನೆಯ ದಿನ ಬೇರೊಂದು ಊರಿನ ಬೇರೊಂದು ದೂರದರ್ಶಕ. ಎರಡೂ ಕಡೆಯ ಚಿತ್ರಗಳು ಸಿ.ಡಿ.ಯಲ್ಲಿ ನನ್ನ ಕೈಗೆ ಬಂದವು. ಪ್ರತಿ ಚಿತ್ರದಲ್ಲಿ ಆ ಮಿಣುಕು ಎಷ್ಟು ಹೊಳೆಯುತ್ತಿದೆ ಅಂತ ಅಳೆದು, ಒಂದು ಪಟ್ಟಿ ಮಾಡಿ ನಿಮ್ಮಪ್ಪನಿಗೆ ಕೊಡುವುದು ನನ್ನ ಕೆಲಸ.

ಅಳೆದೆ. ಕಾಗದದ ಮೇಲೆ ಇಟ್ಟೆ. ಮೊದಲ ಎರಡು ದಿನದ ಹತ್ತಾರು ಬಿಂದುಗಳು ಚೆನ್ನಾಗಿ ಒಂದೇ ಗೆರೆಯಲ್ಲಿ ಕೂತವು. ಕೊನೆಯ ಮೂರು ದಿನದ್ದು, ದಿನಕ್ಕೊಂದರಂತೆ ಮೂರೇ ಬಿಂದು, ಆ ಗೆರೆಯಿಂದ ಕೆಳಗೆ ಬಿದ್ದಿದ್ದವು. ಮಧ್ಯೆ ಒಂದು ದಿನದ ಖಾಲಿ ಜಾಗ.

ಇಲ್ಲಿ ನಮ್ಮ ಮನೆಯ ಕಸುಬಿನ ಮಾತು ಹೇಳಬೇಕು. ಅಬ್ಬಾ ರೀಲರು. ಬಿಸಿನೀರಿನಲ್ಲಿ ಬೆಂದ ಗೂಡುಗಳಿಂದ, ಕೂದಲಿಗಿಂತ ಸಣ್ಣ ಎಳೆಗಳನ್ನು ಎತ್ತಿ, ಏಳೆಂಟು ಸೇರಿಸಿ ಒಂದು ನೂಲು ಮಾಡಿ ರಾಟೆಗೆ ಬಿಡುವುದು. ನಾನು ಎಂಟನೇ ಕ್ಲಾಸಿನಿಂದ ತೊಟ್ಟಿಯ ಮುಂದೆ ಕೂತವನು. ಒಂದು ಗೂಡಿನ ಎಳೆ ಮುಗಿಯುತ್ತದೆ, ಇನ್ನೊಂದರದ್ದು ತುಂಡಾಗುತ್ತದೆ. ನೂಲು ಸಣ್ಣಗಾಗುವುದು ಕಂಡ ತಕ್ಷಣ ಹೊಸ ಗೂಡಿನ ತುದಿ ಎಸೆದು ಸೇರಿಸಬೇಕು. ರಾಟೆ ನಿಲ್ಲಬಾರದು. ಸೇರಿಸಿದ ಜಾಗ ಕಾಣಬಾರದು. "ತುಂಡಾದದ್ದು ನಿನಗೆ ಗೊತ್ತಿದ್ದರೆ ಸಾಕು, ಕೊಳ್ಳುವವರಿಗೆ ಗೊತ್ತಾಗಬಾರದು" ಅಂತ ಅಬ್ಬಾ ಉರ್ದುವಿನಲ್ಲಿ ಹೇಳುತ್ತಿದ್ದರು. ತಲೆ ಯೋಚಿಸುವ ಮೊದಲೇ ಬೆರಳು ಸೇರಿಸಿಬಿಟ್ಟಿರುತ್ತದೆ, ಹಾಗೆ ಅಭ್ಯಾಸ.

ಆ ಮಧ್ಯಾಹ್ನ ಕಾಗದದ ಮೇಲಿನ ಖಾಲಿ ಜಾಗ ನೋಡಿದಾಗ ನನ್ನ ಕಣ್ಣಿಗೆ ಅದು ಬೆಳಕಿನ ಸುದ್ದಿ ಅನ್ನಿಸಲಿಲ್ಲ. ನೂಲು ಒಂದು ಕಡೆ ಕೆಟ್ಟಿದೆ ಅನ್ನಿಸಿತು. ದೂರದರ್ಶಕ ಬೇರೆ, ಗಾಜು ಬೇರೆ, ಎರಡನೆಯದರ ಅಳತೆ ಒಂದಿಷ್ಟು ಕೆಳಗೆ ಕೂತಿರಬೇಕು, ಅಷ್ಟೇ. ಮೂರೂ ಬಿಂದುಗಳನ್ನು ಒಂದೇ ಸಮನಾಗಿ ಮೇಲಕ್ಕೆ ಸರಿಸಿದೆ. ಗೆರೆ ಸೇರಿಕೊಂಡಿತು. ಕಾಗದ ನೋಡಿ ನನಗೆ— ಹೇಳಲು ನಾಚಿಕೆಯಾಗುತ್ತದೆ— ಖುಷಿಯಾಯಿತು.

ಪರೀಕ್ಷಿಸುವ ದಾರಿ ಇತ್ತು. ಅದೇ ಚಿತ್ರಗಳಲ್ಲಿ ಅಕ್ಕಪಕ್ಕ ಹತ್ತಾರು ಮಾಮೂಲಿ ನಕ್ಷತ್ರಗಳಿವೆ. ದೂರದರ್ಶಕದ್ದೇ ತಪ್ಪಾದರೆ ಅವೂ ಅಷ್ಟೇ ಮಂಕಾಗಿ ಕಾಣಬೇಕು. ಎರಡೂ ಕಡೆಯ ಚಿತ್ರ ಇಟ್ಟು ಅವನ್ನು ಹೋಲಿಸಿದ್ದರೆ ಅರ್ಧ ದಿನದ ಕೆಲಸ. ಮಾಡಲಿಲ್ಲ. ಸರಿಸಿದ್ದೇನೆ ಅಂತ ಪಟ್ಟಿಯ ಕೆಳಗೆ ಒಂದು ಸಾಲು ಬರೆದಿದ್ದರೂ ನೀನು ಹಿಡಿದುಬಿಡುತ್ತಿದ್ದೆ, ಮಾದೇವ. ಅದನ್ನೂ ಬರೆಯಲಿಲ್ಲ. ಸೇರಿಸಿದ ಜಾಗವನ್ನು ಯಾರಾದರೂ ತೋರಿಸುತ್ತಾರೆಯೇ— ಹೀಗೇ ಇತ್ತು ನನ್ನ ತಲೆ.

ಪಟ್ಟಿ ನಿನ್ನ ಕೈಗೆ ಬಂತು. ಎರಡು ದಿನ ನೀನು ಅದನ್ನು ಹಿಡಿದು ಓಡಾಡಿದ್ದು ನೆನಪಿದೆ. ಮೂರನೆಯ ದಿನ ಕ್ಯಾಂಟೀನಿನಲ್ಲಿ ಬಂದು ಕೂತೆ. ಉಪಗ್ರಹದ ಎಕ್ಸ್-ರೇ ಗೆರೆ ಎರಡೂವರೆ ದಿನದ ಹೊತ್ತಿಗೇ ಕೆಳಕ್ಕೆ ತಿರುಗಿತ್ತು. ಜೆಟ್ಟಿನ ಅಂಚಾದರೆ ಎಲ್ಲ ಬಣ್ಣದಲ್ಲೂ ಒಟ್ಟಿಗೇ ತಿರುವು ಬರಬೇಕು. ನನ್ನ ಪಟ್ಟಿಯಲ್ಲಿ ಆರನೆಯ ದಿನದವರೆಗೂ ತಿರುವೇ ಇಲ್ಲ.

"ಉಪಗ್ರಹ ಒಂದು ಹೇಳ್ತೈತೆ, ನಿನ್ ಪಟ್ಟಿ ಇನ್ನೊಂದು ಹೇಳ್ತೈತೆ ಕಣ್ಲಾ," ಅಂದೆ ನೀನು. "ಬೇರೆ ಸ್ಫೋಟದಾಗೂ ಹಿಂಗೆ ಆಗೈತಂತೆ. ನಾನು ನಿನ್ ಪಟ್ಟೀನೇ ನಂಬ್ತೀನಿ. ನಿನ್ ಕೈ ನಂಗೊತ್ತು."

ಅಲ್ಲಿ ಬಾಯಿ ಬಿಡಬೇಕಿತ್ತು. ಆದರೆ ಕೈ ಹೊಗಳಿಸಿಕೊಂಡವನಿಗೆ ಬಾಯಿ ಎಲ್ಲಿಂದ ಬರಬೇಕು? ಇನ್ನೊಂದು ಟೀ ಹೇಳಿದೆ.

ನಿನ್ನ ಲೇಖನ ಪ್ರಕಟವಾಯಿತು. ತಿರುವಿಲ್ಲ, ಆದ್ದರಿಂದ ಜೆಟ್ ಬಹಳ ಅಗಲ, ಆದ್ದರಿಂದ ಇದರ ಶಕ್ತಿ ಈವರೆಗೆ ಅಂದುಕೊಂಡ ಎಲ್ಲದಕ್ಕಿಂತ ಹೆಚ್ಚು. ಕುಸಿಯುವ ನಕ್ಷತ್ರ ಇಷ್ಟು ಶಕ್ತಿ ಕೊಡಬಲ್ಲದೇ ಅಂತಲೇ ಮತ್ತೆ ಯೋಚಿಸಬೇಕು— ಅಂತ ನೀನು ಬರೆದಿದ್ದೆ. ಪ್ರತಿ ಮೆಟ್ಟಿಲೂ ಸರಿಯಾಗಿತ್ತು, ತಳದ ಕಲ್ಲೊಂದನ್ನು ಬಿಟ್ಟು. ಮೊದಲ ಪುಟದಲ್ಲಿ ನನ್ನ ಹೆಸರೂ ಇತ್ತು. ಅಬ್ಬಾ ಆ ಪುಟದ ಝೆರಾಕ್ಸ್ ಇಟ್ಟುಕೊಂಡು ಮಾರುಕಟ್ಟೆಯಲ್ಲಿ ತೋರಿಸಿದರು.

ಐದು ತಿಂಗಳು ಕಳೆದಿರಬೇಕು. ಹೊರದೇಶದ ಒಂದು ತಂಡ ದೊಡ್ಡ ದೂರದರ್ಶಕದ ಅಳತೆ ಹಿಡಿದು ಬಂತು. ತಿರುವು ಇದೆ, ಎರಡೂವರೆ ದಿನಕ್ಕೇ ಇದೆ, ಜೆಟ್ ಕಿರಿದು, ಶಕ್ತಿ ಮಾಮೂಲಿ. ಭಾರತದ ತಂಡದ ಕೊನೆಯ ಮೂರು ಅಳತೆಗಳು ಯಾಕೋ ಬೇರೆ ಯಾರದ್ದರ ಜೊತೆಗೂ ಕೂಡುವುದಿಲ್ಲ ಅಂತ ಒಂದು ಸಾಲು. ಆ ಸಾಲು ಓದಿದ ಬೆಳಿಗ್ಗೆಯೇ ನಾನು ಬಾಗಿಲು ಹಾಕಿಕೊಂಡು ಅರ್ಧ ದಿನದ ಆ ಕೆಲಸ ಮಾಡಿದೆ. ಅಕ್ಕಪಕ್ಕದ ನಕ್ಷತ್ರಗಳು ಎರಡೂ ದೂರದರ್ಶಕದಲ್ಲಿ ಒಂದೇ ಸಮ ಇದ್ದವು. ದೂರದರ್ಶಕ ಸರಿಯಿತ್ತು. ಬೆಳಕು ನಿಜವಾಗಿ ಬಿದ್ದಿತ್ತು. ಆ ಬೀಳುವಿಕೆಯೇ ನೀನು ವರ್ಷಗಟ್ಟಲೆ ಕಾಯುತ್ತಿದ್ದ ಸಂಗತಿ. ನಾನು ಅದನ್ನೇ ಸರಿಮಾಡಿ ಕೊಟ್ಟಿದ್ದೆ.

ಸಂಜೆ ನಾಲ್ಕಕ್ಕೆ ನೀನು ಬಂದೆ. ಕೂರಲಿಲ್ಲ. ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತೆ.

"ನಯಾಜು, ಬೇಜಾರ್ ಮಾಡ್ಕಬ್ಯಾಡ. ಆ ಮೂರ್ ದಿನದ್ದನ್ನ ನೀನೇನಾರ ಜರುಗಿಸಿದ್ಯಾ?"

"ಇಲ್ಲ ಕಣ್ಲಾ. ಬಂದಂಗೇ ಕೊಟ್ಟಿದೀನಿ."

ಮೇಜಿನ ಮೇಲೆ ನಿಜವಾದ ಅಳತೆಗಳ ಕಾಗದ ಇತ್ತು. ನೀನು ಎರಡು ಹೆಜ್ಜೆ ಒಳಗೆ ಬಂದಿದ್ದರೆ ಕಾಣುತ್ತಿತ್ತು. ನಾನು ಅದರ ಮೇಲೆ ಮೊಣಕೈ ಊರಿದ್ದೆ. ನೀನು ಒಂದು ಗಳಿಗೆ ನನ್ನ ಮುಖ ನೋಡಿ, "ಹಂಗಾರೆ ನಾನೇ ಎಲ್ಲೋ ಕೆಡಿಸಿದೀನಿ ಬುಡು" ಅಂದು ಹೊರಟುಹೋದೆ.

ನಾನು ಯಾಕೆ ಇಲ್ಲ ಅಂದೆ? ಮುಂದಿನ ತಿಂಗಳು ನನ್ನ ಕೆಲಸ ಮುಂದುವರಿಸುವ ಕಾಗದಕ್ಕೆ ನಿನ್ನ ಗೈಡ್, ಅಂದರೆ ಪ್ರಾಜೆಕ್ಟಿನ ಮುಖ್ಯಸ್ಥರು, ಸಹಿ ಹಾಕಬೇಕಿತ್ತು. ಇಂಗ್ಲಿಷ್ ಮಾತಾಡುವವರ ನಡುವೆ ನಾನೊಬ್ಬ ತೊಟ್ಟಿಯ ಮುಂದಿನಿಂದ ಎದ್ದು ಬಂದವನು— ಇಷ್ಟೆಲ್ಲ ಕಾರಣ ಬರೆಯಬಹುದು. ಹಿಂದಿನ ನಾಲ್ಕು ಹಾಳೆಗಳಲ್ಲಿ ಬರೆದಿದ್ದೆ, ಅದಕ್ಕೇ ಹರಿದೆ. ನೀನೂ ರೇಷ್ಮೆ ಸಾಕುವ ಹುಳುಮನೆಯಿಂದಲೇ ಬಂದವನಲ್ಲವೇ? ಹೆದರಿದೆ. ಅಷ್ಟೇ.

ಸೆಮಿನಾರ್ ಹಾಲಿನಲ್ಲಿ ಗೈಡ್ ಎಲ್ಲರ ಮುಂದೆ ಕೇಳಿದರು, ಈ ಅಳತೆಗಳ ಜವಾಬ್ದಾರಿ ಯಾರದು ಅಂತ. ನೀನು ಎದ್ದು ನಿಂತು "ನನ್ನದು ಸಾರ್" ಅಂದೆ. ನಾನು ಮೂರನೆಯ ಸಾಲಿನಲ್ಲಿದ್ದೆ. ದೊಡ್ಡ ಫಲಿತಾಂಶದ ಆಸೆಗೆ ಅಳತೆ ತಿದ್ದಿದ್ದಾನೆ ಅಂತ ಕಾರಿಡಾರಿನಲ್ಲಿ ಗುಸುಗುಸು ಶುರುವಾಯಿತು. ಲೇಖನ ಹಿಂದಕ್ಕೆ ಪಡೆದರು. ಮೂಲ ಚಿತ್ರಗಳ ಸಿ.ಡಿ. ನನ್ನ ಡ್ರಾಯರಿನಲ್ಲೇ ಇತ್ತು. ಯಾರೂ ಕೇಳಲಿಲ್ಲ. ನೀನೂ ಕೇಳಲಿಲ್ಲ, ನಾನು ಇಲ್ಲ ಅಂದ ಮೇಲೆ ನಿನಗೆ ಕೇಳುವುದೇನಿತ್ತು? ಕೇಳಿದ್ದರೆ ಕೊಡುತ್ತಿದ್ದೆನೇ— ಈ ಪ್ರಶ್ನೆಗೆ ಇವತ್ತಿಗೂ ಧೈರ್ಯವಾಗಿ ಉತ್ತರ ಹೇಳಲಾರೆ.

ನೀನು ಪಿಎಚ್.ಡಿ. ಬಿಟ್ಟು ಅಕ್ಕೂರಿಗೆ ಹೋದೆ. ನಿನ್ನ ಟ್ರಂಕನ್ನು ಬಸ್ಸಿನ ಮೇಲೆ ಎತ್ತಿಕೊಟ್ಟವನು ನಾನೇ. "ನೀನಾರ ನೆಟ್ಟಗೆ ಮಾಡ್ಲಾ" ಅಂದೆ ನೀನು. ಆ ಮಾತು ಕೇಳಿ ಬಸ್‌ಸ್ಟ್ಯಾಂಡಿನಿಂದ ರೂಮಿಗೆ ನಡೆದೇ ಬಂದೆ, ಎಷ್ಟು ದೂರ ಅನ್ನುವುದೂ ಗೊತ್ತಾಗಲಿಲ್ಲ.

ಆಮೇಲೆ ನಾನು ಏನು ದೊಡ್ಡದು ಕಡಿದೆ? ಎರಡು ವರ್ಷಕ್ಕೆ ಪ್ರಾಜೆಕ್ಟ್ ಮುಗಿಯಿತು. ಬಿ.ಎಡ್. ಮಾಡಿ ಪಿ.ಯು. ಕಾಲೇಜಿನ ಲೆಕ್ಚರರ್ ಆದೆ, ಮಾಗಡಿಯಲ್ಲಿ ಕೆಲವು ವರ್ಷ, ಈಗ ರಾಮನಗರ. ಯಾವ ಕೆಲಸ ಉಳಿಸಿಕೊಳ್ಳಲು ನಿನ್ನನ್ನು ಮುಳುಗಿಸಿದೆನೋ ಆ ಕೆಲಸವೇ ಉಳಿಯಲಿಲ್ಲ.

ನಮ್ಮ ಸ್ನೇಹ ಮಾತ್ರ ಉಳಿಯಿತು, ಅದೇ ನನಗೆ ತಡೆಯಲಾಗದ್ದು. ನೀನು ಚಾಕಿ ಕೇಂದ್ರ ಮಾಡಿದೆ— ಎಳೇ ಹುಳುಗಳನ್ನು ಸಾಕಿ ರೈತರಿಗೆ ಕೊಡುವ ಕೆಲಸ. ಸುತ್ತಲ ಊರಿನವರು ಮಾದೇವಣ್ಣನ ಹುಳು ಅಂದರೆ ಕಣ್ಣು ಮುಚ್ಚಿ ತೆಗೆದುಕೊಂಡು ಹೋಗುತ್ತಾರೆ. ಮರಳವಾಡಿಯಿಂದಲೂ ಬರುತ್ತಾರೆ ಅಂತ ಕೇಳಿದೆ. ರಂಜಾನಿಗೆ ನೀನು ನಮ್ಮನೆಗೆ ಬರುವುದು, ಗೌರಿ ಹಬ್ಬಕ್ಕೆ ನಾನು ನಿಮ್ಮನೆಗೆ ಬರುವುದು. ನಿನ್ನ ಹೆಂಡತಿ ಬಡಿಸುವಾಗ "ಅಣ್ಣ, ಇನ್ನೊಸಿ ಆಕಿಸ್ಕಳಿ" ಅನ್ನುತ್ತಾರಲ್ಲ, ಆಗ ತಟ್ಟೆಯಿಂದ ತಲೆ ಎತ್ತಲು ಆಗುವುದಿಲ್ಲ.

ಒಂದು ಸಲ ನಿನ್ನ ಹುಳುಮನೆಯಲ್ಲಿ ನೋಡಿದೆ. ಗೋಡೆಯ ಮೇಲಿನ ಉಷ್ಣಮಾಪಕವನ್ನು ನೀನು ಓದಿ, ಆಮೇಲೆ ಕೆಲಸದ ಹೆಂಗಸನ್ನು ಕರೆದು, "ಒಸಿ ನೋಡವ್ವ, ಎಷ್ಟೈತೆ?" ಅಂದೆ. ಅವಳು ಹೇಳಿದ್ದನ್ನು ಬೋರ್ಡಿನ ಮೇಲೆ ಬರೆದೆ, ನೀನು ಓದಿದ್ದನ್ನಲ್ಲ. ಯಾಕೆ ಅಂತ ಕೇಳಿದ್ದಕ್ಕೆ "ನನ್ ಕಣ್ಣ ಮ್ಯಾಲೆ ನಂಗೆ ನಂಬ್ಕೆ ಇಲ್ಲ ಕಣ್ಲಾ" ಅಂತ ನಕ್ಕೆ. ನಾನೂ ಜೊತೆಗೆ ನಕ್ಕೆ. ಆ ನಗುವಿಗೆ ನನ್ನ ಕೆನ್ನೆಗೆ ಬಾರಿಸಬೇಕಿತ್ತು.

ಕ್ಲಾಸಿನಲ್ಲಿ ಮೊದಲ ಪಾಠವೇ ಅಳತೆ ಮತ್ತು ದೋಷ. ಮಕ್ಕಳ ಮುಂದೆ ನಿಂತು, ಬಂದ ಅಂಕಿಯನ್ನು ಬಂದ ಹಾಗೇ ಬರೆಯಬೇಕು ಅಂತ ಪ್ರತಿ ವರ್ಷ ಹೇಳುತ್ತೇನೆ. ಹೇಳುವಾಗ ಬೋರ್ಡಿನ ಕಡೆ ತಿರುಗಿಕೊಳ್ಳುತ್ತೇನೆ. ಹೀಗೇ ನಡೆದುಹೋಗುತ್ತಿತ್ತು, ಮೊನ್ನೆ ಜೂನ್ ತಿಂಗಳಲ್ಲಿ ನೀನು ಚಂದನಾಳನ್ನು ಕರೆದುಕೊಂಡು ಬರದಿದ್ದರೆ.

ಅಡ್ಮಿಷನ್ ಮೇಜಿನಲ್ಲಿ ನಾನಿದ್ದೆ. ಅರ್ಜಿಯಲ್ಲಿ ಮೊದಲು ಸೈನ್ಸ್ ಅಂತ ಬರೆದು ಹೊಡೆದುಹಾಕಿ ಕಾಮರ್ಸ್ ಅಂತ ಬರೆದಿತ್ತು. ಬರವಣಿಗೆ ಎರಡು ಥರ ಇತ್ತು.

"ವಿಜ್ಞಾನದಲ್ಲಿ ಇಷ್ಟು ಚೆನ್ನಾಗಿ ಬಂದೈತಲ್ಲೋ," ಅಂದೆ.

"ನಂಬರ್ ಬತ್ತದೆ ಕಣ್ಲಾ, ಅಳ್ತೆ ಮಾಡಾ ಕೈ ಬರಾಕಿಲ್ಲ. ನನ್ ರಕ್ತ ಅಲ್ವಾ," ಅಂದೆ ನೀನು. "ನಾಳೆ ಎಲ್ಲೋ ಎಡವಟ್ಟಾಗಿ ನಾಕ್ ಜನದ ಮುಂದೆ ತಲೆ ತಗ್ಗಿಸಾದು ನಂಗೇ ಸಾಕು. ಅವ್ಳಿಗೆ ಬ್ಯಾಡ."

ಹುಡುಗಿ ನೆಲ ನೋಡುತ್ತಾ ನಿಂತಿದ್ದಳು. ನಾನು ಸಹಿ ಹಾಕಿದೆ, ಮಾದೇವ. ಅದೇ ಕೈಯಿಂದ.

ಹತ್ತು ದಿನ ಬಿಟ್ಟು, ವರ್ಗಾವಣೆ ಪತ್ರ ಕೊಡಲು ಅವಳೊಬ್ಬಳೇ ಬಂದಳು. ಕೊಟ್ಟ ಮೇಲೂ ಹೋಗಲಿಲ್ಲ. ನಮ್ಮ ಮೇಜಿನ ಅಂಚು ಹಿಡಿದುಕೊಂಡು, "ಸಾರ್, ಒಂದ್ ಮಾತು ಕೇಳ್ಲಾ? ಅಪ್ಪ ಸುಳ್ಳು ಅಳ್ತೆ ಬರ್ದು ಸಿಕ್ಕಾಕಂಡ್ರು ಅಂತ ನಮ್ ಚಿಕ್ಕಪ್ಪ ಅಂತಾರೆ. ನೀವು ಜೊತೇಲೇ ಇದ್ರಲ್ಲ, ನಿಜವಾ ಸಾರ್?" ಅಂದಳು.

ಇದಕ್ಕಿಂತ ನೇರವಾಗಿ ಯಾರು ಕೇಳುತ್ತಾರೆ? ಉತ್ತರ ಗೊತ್ತಿದ್ದವನು ಲೋಕದಲ್ಲಿ ನಾನೊಬ್ಬನೇ. ನಾನು ಅಂದದ್ದು— "ಹಳೇ ಕತೆ ಯಾಕಮ್ಮ ಈಗ. ಹೋಗು, ಚೆನ್ನಾಗಿ ಓದ್ಕೊ."

ಅವಳು "ಸರಿ ಸಾರ್" ಅಂದು ಹೊರಟಳು. ಬಾಗಿಲ ಹತ್ತಿರ ಒಂದು ಸಲ ತಿರುಗಿ ನೋಡಿದಳು. ನಾನು ಹೌದು ಅಂದ ಹಾಗೇ ಆಯಿತು ಅಂತ ಆಗ ಹೊಳೆಯಿತು. ಎದ್ದು ವರಾಂಡಕ್ಕೆ ಓಡಿದೆ. ಅವಳು ಆಗಲೇ ಗೇಟು ದಾಟಿ ಚನ್ನಪಟ್ಟಣದ ಬಸ್ಸು ಹತ್ತಿಯಾಗಿತ್ತು.

ಅವತ್ತು ಸಂಜೆ ಅಬ್ಬಾನ ಮುಂದೆ ಕೂತು ಎಲ್ಲ ಹೇಳಿದೆ. ಅವರಿಗೀಗ ಕಿವಿ ಸ್ವಲ್ಪ ಮಂದ, ಆದ್ದರಿಂದ ಗಟ್ಟಿಯಾಗಿ ಹೇಳಬೇಕಾಯಿತು. ಹದಿನೆಂಟು ವರ್ಷ ಪಿಸುಮಾತಲ್ಲೂ ಹೇಳದ್ದನ್ನು ಅಕ್ಕಪಕ್ಕದ ಮನೆಗೂ ಕೇಳುವ ಹಾಗೆ ಕೂಗಿದೆ. ನಮ್ಮ ಕಸುಬಿನ ಅಭ್ಯಾಸ ಅಬ್ಬಾ, ಬೆರಳು ತಾನೇ ಸೇರಿಸಿಬಿಟ್ಟಿತು, ಅಂದೆ. ಅವರು ತಮ್ಮ ಬೆಂದು ಬಿಳಿಚಿದ ಬೆರಳುಗಳನ್ನು ನೋಡಿಕೊಂಡರು.

"ಕಸುಬಿನ ಮೇಲೆ ಹಾಕಬೇಡ," ಅಂದರು ಉರ್ದುವಿನಲ್ಲಿ. "ಸೇರಿಸಿದ್ದು ನಿನ್ನ ಕೈ, ಒಪ್ಪುತ್ತೇನೆ. ಅವನು ಬಂದು ಕೇಳಿದಾಗ ಇಲ್ಲ ಅಂದಿದ್ದು? ಅದನ್ನು ನಾನು ಕಲಿಸಿದೆನಾ?"

ಆಮೇಲೆ ಅವರು ನನ್ನ ಜೊತೆ ಮಾತಾಡಿಲ್ಲ. ಊಟಕ್ಕೆ ಕರೆದರೆ ಬಂದು ಕೂರುತ್ತಾರೆ, ಅಷ್ಟೇ. ಮಾರುಕಟ್ಟೆಯಲ್ಲಿ ನಿಮ್ಮಪ್ಪನ ಮುಂದೆ ಆ ಝೆರಾಕ್ಸ್ ಹಿಡಿದು ನಿಂತದ್ದು ನೆನಪಾಗಿ ಅವರಿಗೆ ಹೇಗಾಗಿರಬೇಡ.

ಈ ವಾರ ನಾನು ಮಾಡಿದ್ದು ಇಷ್ಟು. ಸಿ.ಡಿ. ಇಟ್ಟುಕೊಂಡಿದ್ದೆ, ಎಸೆಯುವ ಧೈರ್ಯವೂ ಇರಲಿಲ್ಲ. ಕಾಲೇಜಿನ ಹಳೆಯ ಕಂಪ್ಯೂಟರಿನಲ್ಲಿ ಹಾಕಿದೆ. ಎರಡು ಸಲ ಹಟ ಮಾಡಿತು, ಮೂರನೆಯ ಸಲ ತೆರೆಯಿತು. ಎಲ್ಲವನ್ನೂ ಮತ್ತೆ ಅಳೆದೆ. ಬಂದದ್ದನ್ನು ಬಂದ ಹಾಗೇ ಇಟ್ಟೆ. ಆಮೇಲೆ ನಿನ್ನ ಲೇಖನದಲ್ಲಿ ನೀನು ಬರೆದಿದ್ದ ವಿಧಾನವನ್ನೇ ಹಿಡಿದು, ಒಂದು ಅಕ್ಷರ ಬದಲಿಸದೆ, ಲೆಕ್ಕ ಮಾಡಿದೆ. ತಿರುವು ಎರಡೂವರೆ ದಿನಕ್ಕೆ ಬಂತು, ಉಪಗ್ರಹ ಹೇಳಿದಲ್ಲೇ. ಜೆಟ್ ಕಿರಿದು. ಹೊರದೇಶದ ತಂಡ ದೊಡ್ಡ ದೂರದರ್ಶಕ ಇಟ್ಟುಕೊಂಡು ಹೇಳಿದ್ದನ್ನು ನಿನ್ನ ವಿಧಾನ ನಮ್ಮ ಚಿಕ್ಕ ದೂರದರ್ಶಕದ ಅಳತೆಯಿಂದಲೇ ಹೇಳುತ್ತಿತ್ತು, ಅದೂ ಅವರಿಗಿಂತ ಐದು ತಿಂಗಳು ಮೊದಲೇ. ಅದು ನಿನ್ನದಾಗಬೇಕಿತ್ತು. ಪರದೆಯ ಮುಂದೆ ಕೂತು ಅತ್ತೆ. ನನ್ನ ಅಳುವಿನಿಂದ ನಿನಗೇನೂ ಆಗಬೇಕಾದ್ದಿಲ್ಲ, ನಡೆದದ್ದು ಹೇಳಿದೆ.

ನಿವೃತ್ತರಾಗಿರುವ ನಮ್ಮ ಗೈಡ್‌ಗೆ, ಸಂಸ್ಥೆಗೆ, ಲೇಖನ ಹಿಂಪಡೆದ ಪತ್ರಿಕೆಗೆ— ಮೂವರಿಗೂ ಬರೆದು ಕಳಿಸಿದ್ದೇನೆ. ಅಳತೆ ಸರಿಸಿದವನು ನಾನು, ಕೇಳಿದಾಗ ಸುಳ್ಳು ಹೇಳಿದವನೂ ನಾನು, ಮಹದೇವನಿಗೆ ಇದು ಇವತ್ತಿನವರೆಗೂ ಗೊತ್ತಿಲ್ಲ ಅಂತ. ಮೂಲ ಚಿತ್ರಗಳನ್ನೂ ಜೊತೆಗೆ ಹಾಕಿದ್ದೇನೆ. ನಮ್ಮ ಪ್ರಿನ್ಸಿಪಾಲರಿಗೂ ಒಂದು ಪ್ರತಿ ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, "ಏನ್ರೀ ಇದು" ಅಂದರು. ಅವರು ಏನು ಕ್ರಮ ತೆಗೆದುಕೊಂಡರೂ ತೆಗೆದುಕೊಳ್ಳಲಿ.

ಇದರಿಂದ ನಿನ್ನ ಹದಿನೆಂಟು ವರ್ಷ ವಾಪಸ್ ಬರುವುದಿಲ್ಲ. ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ನಿನ್ನ ಗುಣ ಅಂಥದ್ದು, ಅದನ್ನು ನಾನು ಇನ್ನೊಮ್ಮೆ ದುರುಪಯೋಗ ಮಾಡಿಕೊಂಡ ಹಾಗಾಗುತ್ತದೆ. ಬಯ್ಯಿ. ಹೊಡಿ. ಇನ್ನು ಈ ಮನೆಗೆ ಬರಬೇಡ ಅನ್ನು. ಅದೆಲ್ಲ ನಿನಗೆ ಬಿಟ್ಟದ್ದು.

ಆದರೆ ಒಂದು ಮಾತ್ರ ತಡಮಾಡುವ ಹಾಗಿಲ್ಲ. ಕಾಮರ್ಸಿನಿಂದ ಸೈನ್ಸಿಗೆ ಬದಲಾಯಿಸಿಕೊಳ್ಳಲು ಈ ಶನಿವಾರ ಕೊನೆಯ ದಿನ. ಇವತ್ತು ಗುರುವಾರ. ಅದಕ್ಕೇ ಇದನ್ನು ಅಂಚೆಗೆ ಹಾಕುವುದಿಲ್ಲ, ಫೋನಿನಲ್ಲೂ ಹೇಳುವುದಿಲ್ಲ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ನಾನೇ ತರುತ್ತೇನೆ. ನೀನು ಓದಿ ಮುಗಿಸುವವರೆಗೂ ಅಂಗಳದಲ್ಲಿ ನಿಂತಿರುತ್ತೇನೆ. ಓದಿ ಮುಗಿಸಿದ ಮೇಲೆ ನನ್ನನ್ನು ಏನು ಮಾಡಬೇಕು ಅಂತ ಆಮೇಲೆ ಯೋಚಿಸು, ಮಾದೇವ. ಮೊದಲು ಮಗಳನ್ನು ಕರೆ. ಅವಳಿಗೆ ಕಾಗದ ಕೊಟ್ಟು ನಾನು ಸುಮ್ಮನೆ ನಿಂತರೆ ಸಾಲದು, ಬಾಯಿಬಿಟ್ಟು ಹೇಳಬೇಕು— ನಿಮ್ಮಪ್ಪ ಸುಳ್ಳು ಅಳತೆ ಬರೆಯಲಿಲ್ಲ ಕಣಮ್ಮ, ಬರೆದವನು ನಾನು.